ಸೀಮಂತದ ದಿನ ಬೊರಿವಲಿಗೆ

ಇಪ್ಪತ್ತೈದು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತವನಿಗೆ ಸುಳ್ಳು ಹೇಳುವುದು ಕಷ್ಟದ ಕೆಲಸವಲ್ಲ. ಇಡ್ಲಿ ಇನ್ನೂ ಹಬೆಯಲ್ಲಿರುವಾಗಲೇ “ಬಂತು ಸಾಹೇಬ್, ಎರಡೇ ನಿಮಿಷ” ಎನ್ನುತ್ತೇನೆ. ಅದು ಸುಳ್ಳೆಂದು ಗಿರಾಕಿಗೂ ಗೊತ್ತು, ನನಗೂ ಗೊತ್ತು, ಯಾರಿಗೂ ಬೇಸರವಿಲ್ಲ. ಮನೆಯಲ್ಲೂ ಹಾಗೇ ನಡೆದುಹೋಗುತ್ತದೆ ಎಂದುಕೊಂಡಿದ್ದೆ.

ನಾನು ಮದುವೆಯಾದದ್ದು ನಲವತ್ತೆರಡಕ್ಕೆ. ಅವಳು ಗಂಡನನ್ನು ಕಳೆದುಕೊಂಡವಳು, ಜೊತೆಗೆ ಆರು ವರ್ಷದ ಮಗಳು. ಮುಂಬೈಯ ಮುಲುಂಡಿನ ನಮ್ಮ ಮನೆಗೆ ಆ ಹುಡುಗಿ ಶಾಲೆಯ ಚೀಲ ಮತ್ತು ಅಪ್ಪನದೊಂದು ಫೋಟೋ ಹಿಡಿದುಕೊಂಡು ಬಂದಳು. ನನ್ನನ್ನು ಅಂಕಲ್ ಎಂದಳು. ನಾನೂ ಒತ್ತಾಯಿಸಲಿಲ್ಲ. ಹೆಂಡತಿ ಬೆಳಿಗ್ಗೆ ಏಳರ ಲೋಕಲ್ ಹಿಡಿಯಬೇಕಿತ್ತು, ಹಾಗಾಗಿ ಜಡೆ ಹೆಣೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹೆಣೆದರೆ ಒಂದು ಜಡೆ ಮೇಲೆ, ಇನ್ನೊಂದು ಕೆಳಗೆ. “ಅಂಕಲ್, ಟೀಚರ್ ಹಸ್ತೀ ಹೈ” ಎಂದು ಟೀಚರ್ ನಗುವುದನ್ನು ದೂರುತ್ತಲೇ ಮರುದಿನವೂ ಬಾಚಣಿಗೆ ತಂದು ನನ್ನ ಮುಂದೆ ಕೂರುತ್ತಿದ್ದಳು.

ಒಂದೂವರೆ ವರ್ಷ ಹೀಗೆ ಕಳೆದ ಮೇಲೆ ಒಂದು ಬೆಳಿಗ್ಗೆ ಕನ್ನಡಿ ನೋಡುತ್ತಾ, “ಪಪ್ಪ, ಟೈಟ್ ಕರೋ ನಾ” ಎಂದಳು. ಕೇಳಿಸದವನಂತೆ ರಿಬ್ಬನ್ ಕಟ್ಟಿದೆ. ಆ ದಿನ ಹೋಟೆಲಿನಲ್ಲಿ ಎಲ್ಲರಿಗೂ ಶೀರಾ ಮಾಡಿಸಿ ತಿನ್ನಿಸಿದೆ, ಕಾರಣ ಮಾತ್ರ ಹೇಳಲಿಲ್ಲ.

ಮರುವರ್ಷ ಹೆಂಡತಿ ಬಸುರಿಯಾದಳು. ಸೋನೋಗ್ರಫಿ ಕೋಣೆಯಲ್ಲಿ ಮಗುವಿನ ಎದೆಬಡಿತ ಕೇಳಿದ ನಾನು ನಲವತ್ತೈದರ ಗಂಡಸು ಎಂಬುದನ್ನೂ ಮರೆತು ಅತ್ತುಬಿಟ್ಟೆ. ಹೊರಗೆ ಬೆಂಚಿನ ಮೇಲಿದ್ದ ಮಗಳು ನನ್ನ ಮುಖ ನೋಡಿ ಗಾಬರಿಯಾಗಿ, “ಪಪ್ಪ, ಬೇಬಿ ಕೋ ಕುಛ್ ಹುವಾ?” ಎಂದಳು. ಏನೂ ಆಗಿಲ್ಲವೆಂದು ಅವಳನ್ನು ಎತ್ತಿಕೊಂಡೆ. ಎತ್ತಿಕೊಳ್ಳುವ ವಯಸ್ಸು ಅವಳಿಗೆ ದಾಟಿತ್ತು, ಆದರೂ ಎತ್ತಿಕೊಂಡೆ.

ಏಳನೇ ತಿಂಗಳಲ್ಲಿ ಸೀಮಂತ. ಬಸುರಿಗೆ ಹೂ ಮುಡಿಸಿ, ದೀಪದ ಮುಂದೆ ಎಲೆ ಹಾಕಿ, ಬಗೆಬಗೆಯ ತಿಂಡಿ ಬಡಿಸುತ್ತಾರೆ. ನಮ್ಮ ಮನೆತನದಲ್ಲಿ ಪಕ್ಕಕ್ಕೊಂದು ಮಗುವನ್ನು ಕೂರಿಸಿ ಅದೇ ಎಲೆಯಿಂದ ಅದಕ್ಕೂ ತಿನ್ನಿಸುವ ಪದ್ಧತಿ. ಇದು ಕಿವಿಗೆ ಬಿದ್ದದ್ದೇ ತಡ, “ಮಮ್ಮಿ ಕೇ ಬಾಜೂ ಮೇ ನಾನೇ ಕೂರುದು” ಎಂದು ಮಗಳು ಜಾಗ ಕಾದಿರಿಸಿಕೊಂಡಳು. ಹಸಿರು ಲಂಗ ಹೊಲಿಸಿದೆವು. ರಾತ್ರಿ ಊಟಕ್ಕೆ ಚಕ್ಕಳಮಕ್ಕಳ ಹಾಕಿ, ಅಮ್ಮನ ತುತ್ತಿಗೆ ಬಾಯಿ ತೆರೆದು ಅಭ್ಯಾಸವನ್ನೂ ಮಾಡುತ್ತಿದ್ದಳು.

ಎರಡು ದಿನ ಮೊದಲು ಭಾಂಡುಪಿನಿಂದ ನನ್ನ ಅಕ್ಕ ಬಂದಳು. ಅಮ್ಮ ತೀರಿದ ಮೇಲೆ ನನ್ನನ್ನು ಸಾಕಿದವಳು ಅವಳೇ. ನನ್ನನ್ನು ಮೆಟ್ಟಿಲ ಹತ್ತಿರ ಕರೆದು, “ನೋಡು ಮಾರಾಯ, ಅಪ್ಪ ಸತ್ತ ಮಗುವನ್ನು ಆ ಎಲೆಗೆ ಕೂರಿಸ್ಲಿಕ್ಕಿಲ್ಲ. ಹೊಟ್ಟೆಯಲ್ಲಿರುವುದಕ್ಕೆ ಏನಾದ್ರೂ ಆದ್ರೆ ಮತ್ತೆ ಅತ್ತು ಪ್ರಯೋಜನ ಉಂಟಾ? ಒಂದು ದಿನ ಅದರ ಅಜ್ಜಿ ಮನೆಗೆ ಕಳ್ಸು” ಎಂದಳು.

ಅವಳಿಗೆ ಅಪ್ಪ ಇದ್ದಾನೆ, ನಿನ್ನ ಎದುರೇ ನಿಂತಿದ್ದಾನೆ ಎಂದು ನಾನು ಹೇಳಬೇಕಿತ್ತು. ಎರಡೇ ಮಾತು. ಹೇಳಲಿಲ್ಲ. ಎದೆಬಡಿತ ಕೇಳಿ ಬಂದವನ ಹೆದರಿಕೆ ಎನ್ನಿ, ಅಕ್ಕನ ಋಣ ಎನ್ನಿ, ಹೇಡಿತನ ಎಂದರೂ ನಡೆದೀತು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಗಲ್ಲೆಯ ಬುದ್ಧಿ ಉಪಯೋಗಿಸಿದೆ. ಸೀಮಂತದ ದಿನ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ, ಅದು ಮುಂದಿನ ಭಾನುವಾರಕ್ಕೆ ಹೋಯಿತು, ಇವತ್ತು ಅಜ್ಜಿ ಮನೆಗೆ ಹೋಗೋಣ ಎಂದು ಮಗಳಿಗೆ ಹೇಳಿದೆ. ಬೊರಿವಲಿಯ ಅಜ್ಜಿಗೆ ಜ್ವರ, ಮಗಳು ತಾನೇ ಹೋಗುತ್ತೇನೆ ಎನ್ನುತ್ತಿದ್ದಾಳೆಂದು ಸ್ನಾನದ ಮನೆಯ ಬಾಗಿಲ ಹೊರಗಿನಿಂದಲೇ ಹೆಂಡತಿಗೆ ಹೇಳಿದೆ. ಅಜ್ಜಿಯೆಂದರೆ ತೀರಿಹೋದ ಅಪ್ಪನ ತಾಯಿ. ಅಜ್ಜಿಗೆ ತೋರಿಸಬೇಕೆಂದು ಮಗಳು ಹಸಿರು ಲಂಗ ಉಟ್ಟುಕೊಂಡೇ ಹೊರಟಳು. ದಾದರಿನಲ್ಲಿ ಗಾಡಿ ಬದಲಿಸುವಾಗ ಸೇತುವೆಯ ನೂಕುನುಗ್ಗಲಿನಲ್ಲಿ ನನ್ನ ಬೆರಳು ಹಿಡಿದುಕೊಂಡಿದ್ದಳು.

ಮಧ್ಯಾಹ್ನ ಎಲೆಯ ಮುಂದೆ ಕೂತ ಹೆಂಡತಿಯ ಪಕ್ಕ ಅಕ್ಕನ ಮೊಮ್ಮಗ ಕೂತ. ಹೋಳಿಗೆ ಮುರಿಯುತ್ತಾ ಹೆಂಡತಿ ಎರಡು ಸಲ ಬಾಗಿಲ ಕಡೆ ನೋಡಿದಳು. ನಾನು ಬಡಿಸುವವರ ಮೇಲೆ ಸುಮ್ಮನೆ ರೇಗುತ್ತಾ ಓಡಾಡಿದೆ.

ಸಂಜೆ ಬೊರಿವಲಿಯಲ್ಲಿ ಬಾಗಿಲು ತೆರೆದ ಅಜ್ಜಿ, “ಮಧ್ಯಾಹ್ನದಿಂದ ಏನೂ ತಿನ್ಲಿಲ್ಲ” ಎಂದಷ್ಟೇ ಹೇಳಿದರು. ಹೆಂಡತಿಯ ತಂಗಿ ಸೀಮಂತದ ಫೋಟೋಗಳನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದಳು. ಅಜ್ಜಿಯ ಫೋನಿನಲ್ಲಿ ಮಗಳು ಎಲ್ಲವನ್ನೂ ನೋಡಿದ್ದಳು. ಅವಳು ಅಳಲಿಲ್ಲ, ಜಗಳವಾಡಲಿಲ್ಲ, ಚಪ್ಪಲಿ ಹಾಕಿಕೊಂಡು ಬಂದಳು. ದಾದರಿನ ಸೇತುವೆಯ ಮೇಲೆ ನಾನೇ ಕೈ ಚಾಚಿದೆ. ಅವಳು ಎರಡೂ ಕೈಯಲ್ಲಿ ಲಂಗ ಎತ್ತಿ ಹಿಡಿದುಕೊಂಡು ಕೇಳಿದಳು:

“ಅಂಕಲ್, ಮುಲುಂಡ್ ಗಾಡಿ ಯಾವ ಪ್ಲಾಟ್‌ಫಾರ್ಮ್?”

ಅಷ್ಟು ಜನರ ನಡುವೆ ನಾನು ನಿಂತುಬಿಟ್ಟೆ. ಹಿಂದಿನವರು ಬೈದು ಮುಂದೆ ಹೋದರು.

ಆ ರಾತ್ರಿಯೇ ಎಲ್ಲವೂ ಹೆಂಡತಿಗೆ ತಿಳಿಯಿತು. “ಅವಳನ್ನು ಓಡಿಸಿ ನಾನು ಉಂಡ ಹಾಗೆ ಮಾಡಿದ್ರಿ ನೀವು” ಎಂದಳು. ಬಸುರಿ ಹೆಂಗಸು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಗಳಲ್ಲಿ ನಾನು ಕ್ಷಮೆ ಕೇಳಿದೆ, ಒಮ್ಮೆಯಲ್ಲ, ಹಲವು ಸಲ. ಪ್ರತಿ ಸಲವೂ “ಇಟ್ಸ್ ಓಕೆ ಅಂಕಲ್” ಎಂದಳು. ಜಡೆ ಹೆಣೆದುಕೊಳ್ಳಲು ತಾನೇ ಕಲಿತಳು. ಎರಡೂ ಸಮ ಇರುತ್ತಿದ್ದವು.

ಗಂಡು ಮಗು ಹುಟ್ಟಿತು, ಆರೋಗ್ಯವಾಗಿಯೇ ಹುಟ್ಟಿತು. ತಮ್ಮನನ್ನು ಅವಳಷ್ಟು ಪ್ರೀತಿಸಿದವರು ಇಲ್ಲ. ಅವನ ಮೊದಲ ಹುಟ್ಟುಹಬ್ಬಕ್ಕೆ ಮನೆ ತುಂಬ ಜನ, ನನ್ನ ಅಕ್ಕನೂ ಬಂದಿದ್ದಳು. ಮಗಳು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಪುಟ್ಟ ಬೆರಳನ್ನು ತಾನೇ ಹಿಡಿದು ನನ್ನ ಕಡೆ ತೋರಿಸಿ, “ಬೋಲ್, ಪಪ್ಪ. ವೋ ದೇಖ್, ನಿನ್ನ ಪಪ್ಪ” ಎಂದು ಕಲಿಸುತ್ತಿದ್ದಳು. ತಿಂಗಳಿಂದ ಕಲಿಸುತ್ತಿದ್ದಳಂತೆ.

ಅವನು “ಪಪ್ಪ” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು. ಆಮೇಲೆ ಮಗುವನ್ನು ತಂದು ನನ್ನ ಕೈಗೆ ಕೊಟ್ಟು, “ತಗೊಳ್ಳಿ ಅಂಕಲ್” ಎಂದಳು.