ಯಾರನ್ನ ಕೇಳಿದ್ರೆ ನೀವು ಸಿಗ್ತೀರಿ?

ಬೆಳಗಿನ ಆರು ಗಂಟೆ. ಆರೋಗ್ಯ ಕಚೇರಿಯ ಹಿಂದಿನ ಅಂಗಳದಲ್ಲಿ ಒಬ್ಬ ಹೆಂಗಸು ಎರಡೆರಡು ಜೊತೆ ಕೈಗವಸು ತೊಟ್ಟು, ಮಾಸ್ಕ್ ಬಿಗಿದು, ಅದರ ಮೇಲೆ ಪ್ಲಾಸ್ಟಿಕ್ ಮುಖಗವಚ ಇಳಿಬಿಟ್ಟುಕೊಂಡು, ಎಡಗೈಯಲ್ಲಿ ಟ್ಯಾಬ್ ಹಿಡಿದು ನಿಂತಿದ್ದಾರೆ. ಎದುರಿನ ಕುರ್ಚಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು. ಅವರ ಮಡಿಲಲ್ಲಿ ಗುಂಡಿ ಹಾಕಬೇಕಾದ ಅಂಗಿ, ಬಾಯಲ್ಲಿ ದಾರದ ತುದಿ.

"ಅಮ್ಮ, ನಿಮ್ಮ ವಯಸ್ಸೆಷ್ಟು?"

"ನಿಂಗೆ ಎಷ್ಟು ಅನ್ಸುತ್ತೆ, ಅಷ್ಟು ಬರ್ಕೋ."

"ಜ್ವರ ಯಾವತ್ತು ಶುರುವಾಯ್ತು?"

"ನನ್ನ ತಂಗಿ ಬಂದು ಹೋದ್ಲಲ್ಲ, ಅದರ ಮಾರನೇ ದಿನ."

"ತಂಗಿ ಯಾವತ್ತು ಬಂದಿದ್ರು?"

"ಅದನ್ನ ಅವಳನ್ನೇ ಕೇಳು. ಬಂದ್ರೆ ಹೋಗೋ ಮಾತೇ ಇಲ್ಲ ಅವಳದ್ದು."

ಕೇಳುವವರು ಸೊಸೆ, ಸತಾಯಿಸುವವರು ಅತ್ತೆ. ಅತ್ತೆಗೆ ಜ್ವರವೂ ಇಲ್ಲ, ನೆಗಡಿಯೂ ಇಲ್ಲ. ಕೈಗವಸು, ಮಾಸ್ಕ್ ಎಲ್ಲ ಬೀದಿಯಲ್ಲಿ ನರ್ಸ್‌ಗಳು ತೊಡುವಂತೆಯೇ ತೊಟ್ಟು ನೋಡಲಿಕ್ಕೆ. ಕಚೇರಿಯ ಹಿಂದಿನ ಕ್ವಾರ್ಟರ್ಸ್‌ನಲ್ಲೇ ಇವರ ಮನೆ. ಮೂರು ವರ್ಷದಿಂದ ವಾರಕ್ಕೆರಡು ಬಾರಿ ಹೀಗೆ ಅಂಗಳಕ್ಕೆ ಬಂದು ರೋಗಿಯ ಪಾತ್ರ ವಹಿಸುವುದು ಅವರಿಗೆ ಅಭ್ಯಾಸವಾಗಿದೆ. ಸೊಸೆ ಸಿದ್ಧಪಡಿಸಿದ ಹೊಸ ಫಾರಂ ಅತ್ತೆಯ ಉತ್ತರಗಳನ್ನು ತಾಳಿಕೊಂಡರೆ ಮಾತ್ರ ಅದು ಬೀದಿಗೆ ಹೋಗುತ್ತದೆ. ಇಲ್ಲದಿದ್ದರೆ ಮತ್ತೆ ದುರಸ್ತಿಗೆ.

ಊರಿನ ನರ್ಸ್‌ಗಳು ಈ ಸೊಸೆಯನ್ನು 'ಕಾಲಂ ಅಕ್ಕ' ಎನ್ನುತ್ತಾರೆ. ಯಾರು ಫೋನ್ ಮಾಡಿದರೂ ಇವರ ಬಾಯಲ್ಲಿ ಬರುವ ಮೊದಲ ಮಾತು "ಯಾವ ಕಾಲಂ ತೊಂದ್ರೆ ಕೊಡ್ತಿದೆ?" ಎಂದೇ. ಸಾಂಕ್ರಾಮಿಕ ಬಂದಾಗ ದೂರದ ಯಾವುದೋ ವಿಶ್ವವಿದ್ಯಾಲಯದವರು ಕಟ್ಟಿದ್ದ ತಂತ್ರಾಂಶವೊಂದು ಎಷ್ಟೋ ದೇಶಗಳ ಕೈಗೆ ಬಂತು. ಯಾರ ಜ್ವರ ಯಾವಾಗ ಶುರುವಾಯಿತು, ಯಾರ ಪರೀಕ್ಷೆ ಏನಾಯಿತು ಎಂದೆಲ್ಲ ಬರೆದಿಡುವ ತಂತ್ರಾಂಶ ಅದು. ಅದಕ್ಕೆ ಬೀಗವಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬಿಚ್ಚಬಹುದು, ತಮ್ಮ ಊರಿಗೆ ತಕ್ಕಂತೆ ಬದಲಿಸಬಹುದು. ಈ ಊರಿನ ಮಟ್ಟಿಗೆ ಆ ಬದಲಾವಣೆ ಮಾಡುವವರು ಕಾಲಂ ಅಕ್ಕ ಒಬ್ಬರೇ.

ಜೀವನವಿಡೀ ಹೊಲಿಗೆ ಯಂತ್ರ ತುಳಿದ ಅತ್ತೆಗೆ ಇದನ್ನು ವಿವರಿಸಿ ಹೇಳಬೇಕಾಗಲೇ ಇಲ್ಲವಂತೆ. "ರೆಡಿಮೇಡ್ ಅಂಗಿ ತಂದು ಮೈಗೆ ಸರಿಯಾಗಿ ಹಿಡಿಸಿ ಕೊಡೋದು ತಾನೇ? ಅದಕ್ಕೆ ಇಷ್ಟು ದೊಡ್ಡ ಮಾತು ಯಾಕೆ?" ಎನ್ನುತ್ತಾರೆ, ದಾರ ಕಡಿಯುತ್ತ.

ಇವತ್ತು ಅತ್ತೆ ಎಂದಿಗಿಂತ ಹೆಚ್ಚೇ ಸತಾಯಿಸುತ್ತಿದ್ದಾರೆ, ಬೇಕೆಂದೇ. ಹೊಸ ಜ್ವರವೊಂದು ಪಕ್ಕದ ಪ್ರಾಂತ್ಯಕ್ಕೆ ಬಂದಾಗಿದೆ. ಮುಖ್ಯ ಕಚೇರಿ ಇಡೀ ದೇಶಕ್ಕೆ ಒಂದೇ ಫಾರಂ ಎಂದು ತೊಂಬತ್ತನಾಲ್ಕು ಕಾಲಂಗಳ ಹೊಸ ಫಾರಂ ಕಳಿಸಿದೆ. ಕಾಲಂ ಅಕ್ಕನ ಫಾರಂನಲ್ಲಿ ಇರುವುದು ಹನ್ನೊಂದೇ. ಆ ಹನ್ನೊಂದರಲ್ಲಿ ಕೊನೆಯದು ಮುಖ್ಯ ಕಚೇರಿಯ ತೊಂಬತ್ತನಾಲ್ಕರಲ್ಲಿ ಇಲ್ಲ. ಅದನ್ನು ಕಿತ್ತುಹಾಕಬೇಕೋ ಇಟ್ಟುಕೊಳ್ಳಬೇಕೋ ಎಂಬುದು ಇವತ್ತು ಸಂಜೆ ಆರರೊಳಗೆ ತೀರ್ಮಾನವಾಗಲಿದೆ. ಕಿತ್ತುಹಾಕಿದರೆ, ಫೋನ್ ಇಲ್ಲದವರಿಗೆ ತಮಗೆ ಸೋಂಕಿದೆಯೋ ಇಲ್ಲವೋ ಎಂಬುದು ಅಂದೇ ತಿಳಿಯುವ ದಾರಿ ಮುಚ್ಚಿದಂತೆ.

ಆ ಕಾಲಂನ ಕಥೆ ಕೇಳಿದರೆ ಕಾಲಂ ಅಕ್ಕ ಮೊದಲು ನಾಲಿಗೆ ಕಚ್ಚಿಕೊಳ್ಳುತ್ತಾರೆ. ಅದು ಹುಟ್ಟಿದ್ದು ಅವರದೇ ತಪ್ಪಿನಿಂದ.

ಅವರು ಮೂಲತಃ ಆಸ್ಪತ್ರೆಯ ಹೊರರೋಗಿ ಕಿಟಕಿಯಲ್ಲಿ ಚೀಟಿ ಬರೆದುಕೊಡುತ್ತಿದ್ದವರು. ಹನ್ನೊಂದು ವರ್ಷ ಅದೇ ಕಿಟಕಿ, ಅದೇ ಸ್ಟೂಲು. ಸಾಂಕ್ರಾಮಿಕದ ಮೊದಲ ತಿಂಗಳಲ್ಲಿ ಕಂಪ್ಯೂಟರ್ ಬಲ್ಲವರೆಲ್ಲ ದೊಡ್ಡ ನಗರಗಳಿಗೆ ಎತ್ತಂಗಡಿಯಾದರು. "ಟೈಪಿಂಗ್ ಬರುತ್ತಾ?" ಎಂದು ಅಧಿಕಾರಿ ಕೇಳಿದರು, ಇವರು "ಬರುತ್ತೆ" ಅಂದುಬಿಟ್ಟರು. ತಂತ್ರಾಂಶದ ಕೈಪಿಡಿ ಆರುನೂರು ಪುಟ, ಕಬ್ಬಿಣದ ಕಡಲೆ. ಗೊತ್ತಾಗದ್ದನ್ನು ಆ ತಂತ್ರಾಂಶ ಬಳಸುವವರ ಆನ್‌ಲೈನ್ ಗುಂಪಿನಲ್ಲಿ ಕೇಳಿದರೆ, ಮುಖ ನೋಡದ ಯಾವುದೋ ದೇಶದ ಯಾರೋ ಉತ್ತರ ಬರೆಯುತ್ತಿದ್ದರು.

ಮೊದಲ ಫಾರಂ ಇನ್ನೊಂದು ದೇಶದ್ದು, ಹಾಗೇ ಎತ್ತಿ ತಂದದ್ದು. ಅದರಲ್ಲಿ ವಿಮಾನದ ಸೀಟ್ ನಂಬರ್ ಕೇಳುವ ಕಾಲಂ ಇತ್ತು. ಈ ಊರಿಗೆ ವಿಮಾನ ಬರುವುದಿಲ್ಲ, ದಿನಕ್ಕೆ ನಾಲ್ಕು ಬಸ್ಸು ಬರುತ್ತವೆ. ನರ್ಸ್‌ಗಳು ಶ್ರದ್ಧೆಯಿಂದ ಬಸ್ಸಿನ ಸೀಟ್ ನಂಬರ್ ಬರೆದರು. ಒಬ್ಬರಂತೂ 'ನಿಂತುಕೊಂಡು ಬಂದರು' ಎಂದು ಬರೆದರು.

ಅದು ನಗೆಪಾಟಲಿನ ತಪ್ಪು. ಇನ್ನೊಂದು ಹಾಗಲ್ಲ. ಫೋನ್ ನಂಬರ್ ತುಂಬದೆ ಮುಂದಿನ ಪುಟಕ್ಕೆ ಹೋಗುವಂತಿಲ್ಲ ಎಂದು ಕಾಲಂ ಅಕ್ಕ ಕಡ್ಡಾಯ ಮಾಡಿದ್ದರು. ಬೀದಿಯಲ್ಲಿ ಎಷ್ಟೋ ಮನೆಗಳಲ್ಲಿ ಫೋನೇ ಇರಲಿಲ್ಲ. ನರ್ಸ್‌ಗಳ ತಂಡದ ಹಿರಿಯರನ್ನು ಎಲ್ಲರೂ 'ದೊಡ್ಡ ಸಿಸ್ಟರ್' ಎನ್ನುತ್ತಾರೆ. ಅವರ ನಂಬರ್ ತಂಡದ ಎಲ್ಲರಿಗೂ ಬಾಯಿಪಾಠ. ಹಾಗಾಗಿ ಫೋನ್ ಇಲ್ಲದವರ ಹೆಸರಿನ ಮುಂದೆಲ್ಲ ಅವರದೇ ನಂಬರ್ ಬಿತ್ತು.

"ಒಂದೇ ದಿನದಲ್ಲಿ ನಂಗೆ ಮುನ್ನೂರ ಹನ್ನೆರಡು ಸಲ 'ನಿಮಗೆ ಸೋಂಕಿಲ್ಲ' ಅಂತ ಮೆಸೇಜ್ ಬಂತು, ಹದಿನೇಳು ಸಲ 'ನಿಮಗೆ ಸೋಂಕಿದೆ' ಅಂತ ಬಂತು" ಎನ್ನುತ್ತಾರೆ ದೊಡ್ಡ ಸಿಸ್ಟರ್, ಸೊಂಟದ ಮೇಲೆ ಕೈಯಿಟ್ಟು. "ಮೆಷಿನ್ನು ಒಂದೇ ನಂಬರ್ ಇರೋರೆಲ್ಲ ಒಂದೇ ಮನೆಯವರು ಅಂದ್ಕೊಂಡ್ತು. ಮುನ್ನೂರ ಇಪ್ಪತ್ತೊಂಬತ್ತು ಜನರ ಸಂಸಾರ ನಂದು! ನಮ್ಮ ಕಚೇರಿಯವರೇ ಬಂದು ನನ್ನ ಬಾಗಿಲಿಗೆ 'ಹೊರಗೆ ಬರಬಾರದು' ಅಂತ ನೋಟಿಸ್ ಅಂಟಿಸಿ ಹೋದ್ರು. ನನ್ನ ಗಂಡ ಆ ನೋಟಿಸ್ ಇನ್ನೂ ಇಟ್ಕೊಂಡಿದಾರೆ."

ಈ ಕಥೆ ಹೇಳುವಾಗ ಇಡೀ ಕಚೇರಿ ಹೊಟ್ಟೆ ಹುಣ್ಣಾಗುವಂತೆ ನಗುತ್ತದೆ. ಕಾಲಂ ಅಕ್ಕ ಮಾತ್ರ ಅರ್ಧಕ್ಕೇ ನಗು ನಿಲ್ಲಿಸುತ್ತಾರೆ. ಆ ಹದಿನೇಳು ಮೆಸೇಜ್‌ಗಳಲ್ಲಿ ಒಂದು ಬೇಕರಿಯ ಕೆಲಸಗಾರರೊಬ್ಬರದು. ಮುನ್ನೂರು ಮೆಸೇಜ್‌ಗಳ ನಡುವೆ ಅದು ಎರಡು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಅವರು ಎರಡು ದಿನವೂ ಹಿಟ್ಟು ನಾದಿದರು, ಜೊತೆಗಿದ್ದ ನಾಲ್ವರಿಗೆ ಸೋಂಕು ಹರಡಿತು. ಅವರಲ್ಲಿ ಒಬ್ಬರು ಹದಿನೆಂಟು ದಿನ ಆಮ್ಲಜನಕದ ಮೇಲಿದ್ದರು.

"ಬದುಕಿಕೊಂಡ್ರು, ಪುಣ್ಯ. ಆದ್ರೆ ಆ ಹದಿನೆಂಟು ದಿನ ನಂಗೆ ಊಟ ಗಂಟಲಲ್ಲಿ ಇಳೀಲಿಲ್ಲ. ಕಡ್ಡಾಯ ಅಂತ ಟಿಕ್ ಹಾಕಿದ್ದು ನಾನೇ ಅಲ್ವಾ?"

ಹತ್ತೊಂಬತ್ತನೆಯ ದಿನ ಅವರು ದೊಡ್ಡ ಸಿಸ್ಟರ್ ಜೊತೆ ಬೀದಿಗಿಳಿದರು. ಫೋನ್ ಇಲ್ಲದವರನ್ನು ಹುಡುಕಬೇಕಾದರೆ ಸಿಸ್ಟರ್ ಏನು ಮಾಡುತ್ತಾರೆ ಎಂದು ಸುಮ್ಮನೆ ನೋಡಿದರು. ಸಿಸ್ಟರ್ ಇಸ್ತ್ರಿ ಅಂಗಡಿಯಲ್ಲಿ ಕೇಳಿದರು, ಇಸ್ತ್ರಿಯವರು ಕ್ಷೌರದಂಗಡಿ ತೋರಿಸಿದರು, ಕ್ಷೌರದಂಗಡಿಯ ಬೆಂಚಿನ ಮೇಲೆ ಬೇಕಾದವರು ಕೂತಿದ್ದರು. ಆರು ನಿಮಿಷದ ಕೆಲಸ. ಅಂದು ಮಧ್ಯಾಹ್ನವೇ ಫೋನ್ ಕಾಲಂನ ಕಡ್ಡಾಯ ಹೋಯಿತು, ಹೊಸದೊಂದು ಕಾಲಂ ಬಂತು: 'ಯಾರನ್ನು ಕೇಳಿದರೆ ನೀವು ಸಿಗುತ್ತೀರಿ?' ನಡುವಿನವರಿಗೆ ಫಲಿತಾಂಶ ಹೇಳುವಂತಿಲ್ಲ, 'ಸಿಸ್ಟರ್ ಹುಡುಕ್ತಿದಾರೆ' ಎಂದಷ್ಟೇ. ಬದಲಾವಣೆಯನ್ನು ಅಕ್ಕ ಆನ್‌ಲೈನ್ ಗುಂಪಿನಲ್ಲೂ ಹಾಕಿದರು. ಮೂರು ದೇಶಗಳು ಅದನ್ನು ತೆಗೆದುಕೊಂಡವು.

ಈಗ ಅವರ ದಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕಳೆಯುತ್ತದೆ. ಗೋಡೆಯುದ್ದಕ್ಕೂ ಚಾರ್ಜ್ ಆಗುತ್ತಿರುವ ಇಪ್ಪತ್ತಾರು ಟ್ಯಾಬ್‌ಗಳು, ಬೆನ್ನ ಮೇಲೆ ಉಗುರುಬಣ್ಣದಲ್ಲಿ ಬರೆದ ನಂಬರ್‌ಗಳು. ದಿನಕ್ಕೆ ನಲವತ್ತು ಫೋನ್ ಕರೆ. ಒಂದು ಫಾರಂ ತುಂಬಲು ಮೊದಲು ಒಂಬತ್ತು ನಿಮಿಷ ಹಿಡಿಯುತ್ತಿತ್ತು, ಈಗ ಮೂರಕ್ಕೂ ಕಡಿಮೆ. ಫ್ಯಾನು ತಿರುಗುತ್ತದೆ, ಆದರೆ ಗಾಳಿಗಿಂತ ಸದ್ದು ಹೆಚ್ಚು.

ಇವತ್ತು ಎಂಟೂವರೆಗೆ ಮುಖ್ಯ ಕಚೇರಿಯ ಅಧಿಕಾರಿ ಬರುತ್ತಾರೆ. ಇಸ್ತ್ರಿ ಕೆಡದ ಅಂಗಿ, ಕೈಯಲ್ಲಿ ಫೈಲು. ಕೆಟ್ಟವರೇನಲ್ಲ, ಅವರ ತಲೆನೋವು ಬೇರೆ. "ನೋಡಿ ಮೇಡಂ, ವಯಸ್ಸು ಅಂದ್ರೆ ಎಣಿಸಬಹುದು, ಜ್ವರ ಅಂದ್ರೆ ಎಣಿಸಬಹುದು. ಒಬ್ಬರು ಬೇಕರಿ ಅಂತಾರೆ, ಒಬ್ಬರು ಚಪ್ಪಲಿ ಹೊಲಿಯೋರು ಅಂತಾರೆ. ಇದನ್ನ ನಾನು ಯಾವ ಪಟ್ಟಿಗೆ ಸೇರಿಸ್ಲಿ?"

"ಪಟ್ಟಿಗೆ ಸೇರಿಸ್ಬೇಡಿ ಸಾರ್. ಮನುಷ್ಯರು ಸಿಕ್ಕಿದ್ರೆ ಸಾಕು" ಎನ್ನುತ್ತಾರೆ ಕಾಲಂ ಅಕ್ಕ.

ತೀರ್ಮಾನಕ್ಕೆ ಎರಡೂ ಫಾರಂಗಳ ಪರೀಕ್ಷೆ: ನರ್ಸ್‌ಗಳ ಎರಡು ತಂಡ, ಒಂದೊಂದು ತಂಡವೂ ಅರವತ್ತು ಜನರ ಫಾರಂ ತುಂಬಿ ಸೋಂಕಿನ ಮಾದರಿ ತೆಗೆದುಕೊಳ್ಳಬೇಕು. ಒಂದು ತಂಡದ ಕೈಯಲ್ಲಿ ತೊಂಬತ್ತನಾಲ್ಕು ಕಾಲಂ, ಇನ್ನೊಂದರ ಕೈಯಲ್ಲಿ ಹನ್ನೊಂದು. ಎರಡು ಗಂಟೆಗೆ ಪ್ರಯೋಗಾಲಯದಿಂದ ಫಲಿತಾಂಶ ಬರುತ್ತದೆ. ಆರರೊಳಗೆ ಎಲ್ಲರಿಗೂ ಮುಟ್ಟಬೇಕು. ಮೊದಲ ತಂಡ ಫೋನ್ ಹಚ್ಚುತ್ತ ಕೂರುತ್ತದೆ, ದೊಡ್ಡ ಸಿಸ್ಟರ್‌ನ ತಂಡ ಚಪ್ಪಲಿ ಮೆಟ್ಟಿ ಹೊರಡುತ್ತದೆ. ಐದೂಮುಕ್ಕಾಲಿಗೆ ಲೆಕ್ಕ ನೋಡಿದರೆ ಮೊದಲ ತಂಡಕ್ಕೆ ಸಿಕ್ಕವರು ನಲವತ್ತೊಂದು ಮಂದಿ, ದೊಡ್ಡ ಸಿಸ್ಟರ್‌ಗೆ ಐವತ್ತೊಂಬತ್ತು. ಉಳಿದವರು ಒಬ್ಬರೇ, ಕೊಡೆ ರಿಪೇರಿಯವರು. ಅವರು ಬರೆಸಿದ್ದು 'ಬೇಕರಿಯಲ್ಲಿ ಕೇಳಿ' ಎಂದು. ಕಾಯುವುದು ಸಾಕಾಗಿಯೋ ಏನೋ, ಅಧಿಕಾರಿ ಫೈಲನ್ನು ಮೇಜಿನ ಮೇಲಿಟ್ಟು ತಾವೇ ಎದ್ದುಬಿಡುತ್ತಾರೆ.

ಬೇಕರಿಯವರು ಅಧಿಕಾರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೂವಿನಂಗಡಿ ಕಡೆ ಕೈ ತೋರಿಸುತ್ತಾರೆ. ಹೂವಿನಂಗಡಿಯಾಕೆ ಕೂತಲ್ಲಿಂದಲೇ "ಗೋದಾಮಿನ ಹಿಂದೆ ಇರ್ತಾರೆ, ನಿದ್ದೆ ಮಾಡ್ತಿದ್ರೆ ಎಬ್ಬಿಸಿ" ಎಂದು ಅಪ್ಪಣೆ ಕೊಡುತ್ತಾರೆ. ಕೊಡೆ ರಿಪೇರಿಯವರು ನಿಜಕ್ಕೂ ನಿದ್ದೆಯಲ್ಲಿದ್ದರು. ಸೋಂಕಿಲ್ಲ ಎಂದು ಕೇಳಿ ಅವರು ಕಣ್ಣುಜ್ಜಿಕೊಂಡು "ಇಷ್ಟು ಹೇಳೋಕೆ ಇಷ್ಟು ದೊಡ್ಡವರು ಬಂದ್ರಾ?" ಎಂದರಂತೆ. ಅಧಿಕಾರಿ ಬೆವರೊರೆಸಿಕೊಳ್ಳುತ್ತ ಹಿಂದಿರುಗಿದಾಗ ಆರಕ್ಕೆ ಎರಡು ನಿಮಿಷ ಬಾಕಿ.

ದೊಡ್ಡ ಸಿಸ್ಟರ್‌ನ ಅರವತ್ತರಲ್ಲಿ ಮೂವರಿಗೆ ಸೋಂಕಿತ್ತು. ಆ ಮೂವರಲ್ಲಿ ಇಬ್ಬರ ಬಳಿ ಫೋನಿಲ್ಲ. ಅಧಿಕಾರಿ ಲೆಕ್ಕದ ಪಟ್ಟಿಯಲ್ಲಿ ಈ ಸಾಲನ್ನು ಎರಡು ಸಲ ಓದಿ, ಹುಬ್ಬೇರಿಸಿ, ಪೆನ್ನು ತೆಗೆದು ತಮ್ಮ ಫಾರಂನ ಕೊನೆಯಲ್ಲಿ ಬರೆದುಕೊಳ್ಳುತ್ತಾರೆ: ತೊಂಬತ್ತೈದು. ಮಿಕ್ಕ ತೊಂಬತ್ತನಾಲ್ಕರಲ್ಲಿ ಎಷ್ಟನ್ನು ಬಿಡಬಹುದು ಎಂದು ನಾಳೆ ಕೂತು ನೋಡೋಣ ಎನ್ನುತ್ತಾರೆ. ಕೋಣೆಯಲ್ಲಿ ಚಪ್ಪಾಳೆ. ಅತ್ತೆ ಹಿಂದಿನ ಬಾಗಿಲಲ್ಲಿ ನಿಂತು ಇಡೀ ಊರಿಗೆ ಕೇಳುವಂತೆ "ನಾನು ಅಷ್ಟು ಕಾಟ ಕೊಟ್ಟಿದ್ದಕ್ಕೇ ಪಾಸಾಗಿದ್ದು" ಎಂದು ಘೋಷಿಸುತ್ತಾರೆ.

ಕಾಲಂ ಅಕ್ಕ ಚಪ್ಪಾಳೆ ಮುಗಿಯುವುದರೊಳಗೆ ಮೊದಲ ತಂಡಕ್ಕೆ ಸಿಗದ ಹತ್ತೊಂಬತ್ತು ಜನರ ಪಟ್ಟಿ ಹಿಡಿದು ದೊಡ್ಡ ಸಿಸ್ಟರ್‌ಗೆ ಕೊಡುತ್ತಿದ್ದಾರೆ. "ಪರೀಕ್ಷೆ ಮುಗೀತು ಸಿಸ್ಟರ್, ಇವರಿಗಿನ್ನೂ ತಿಳೀಲಿಲ್ಲ."

ಇಡೀ ದೇಶದ ಫಾರಂಗೆ ಸೇರಿದ ಈ ಪ್ರಶ್ನೆಯ ಪಕ್ಕದಲ್ಲಿ ಅದನ್ನು ಬರೆದವರ ಹೆಸರು ಇರಬೇಕಿತ್ತಲ್ಲವೇ ಎಂದು ಕೇಳಿದರೆ ಅವರು ಟ್ಯಾಬ್‌ಗಳನ್ನು ಒಂದೊಂದಾಗಿ ಚಾರ್ಜಿಗೆ ಸಿಕ್ಕಿಸುತ್ತ ನಗುತ್ತಾರೆ.

"ನನ್ನ ಹೆಸರು ಆಗ್ಲೇ ಇದೆ. ಮೂರು ವರ್ಷದಲ್ಲಿ ಈ ಪ್ರಶ್ನೆಗೆ ಆರು ಸಾವಿರಕ್ಕೂ ಹೆಚ್ಚು ಜನ ಉತ್ತರ ಹೇಳಿದಾರೆ. ಅದರಲ್ಲಿ ಒಂಬತ್ತು ಜನ 'ಯಾರೂ ಇಲ್ಲ' ಅಂದ್ರು. ಖಾಲಿ ಬಿಡೋಕೆ ಮನಸ್ಸಾಗ್ಲಿಲ್ಲ. ಅಲ್ಲಿ ನನ್ನ ಹೆಸರೇ ಬರ್ಕೊಂಡೆ. ತಿಂಗಳಿಗೊಂದು ಸಲ ಹೋಗಿ ಮಾತಾಡ್ಸಿ ಬರ್ತೀನಿ, ಇಲ್ಲಾಂದ್ರೆ ಬರೆದಿದ್ದು ಸುಳ್ಳಾಗುತ್ತಲ್ಲ."

ಒಂಬತ್ತು ಈಗ ಏಳಾಗಿದೆಯಂತೆ. ಇಬ್ಬರು ಫೋನ್ ಕೊಂಡರೇ?

"ಇಲ್ಲ. ಹೋದ ತಿಂಗಳು ಅವರಿಬ್ಬರಿಗೂ ಪರಿಚಯ ಮಾಡ್ಸಿದೆ. ಈಗ ಇವರ ಕಾಲಂನಲ್ಲಿ ಅವರು, ಅವರ ಕಾಲಂನಲ್ಲಿ ಇವರು. ಇನ್ನು ಏಳು ಕಡೆ ನನ್ನ ಹೆಸರಿದೆ. ಅದನ್ನೂ ಅಳಿಸ್ಬೇಕು, ಅಷ್ಟೇ ನನ್ನಾಸೆ."