ತಾನಾಗಿ ಉದುರಿದ ಬೇವಿನ ಹೂ

ಹಿಂದಿನ ಓಣಿಯ ಕಾಕಿಯ ಸೆರಗಿನ ತುದಿ ಎಂದೂ ಗಂಟಿಲ್ಲದೆ ಇರುತ್ತಿರಲಿಲ್ಲ. ಆ ಗಂಟು ಬಿಚ್ಚಲು ಆಕೆಗೆ ಹಲ್ಲೇ ಬೇಕು. ಮುಂದಿನ ಹಲ್ಲು ಬಿದ್ದ ಮೇಲೆ ಆ ಕೆಲಸ ಪಕ್ಕದ ಹಲ್ಲಿಗೆ ಬಂತು. ಒಳಗೆ ಎಲೆಯಡಿಕೆ ಇದ್ದೀತೆಂದು ಹೊಸಬರು ತಿಳಿಯುತ್ತಿದ್ದರು. ಇರುತ್ತಿದ್ದುದು ಹೊಲದ ದಾರಿಯಲ್ಲಿ ಬಿದ್ದು ಸಿಕ್ಕಿದ್ದು.

ಅವ್ವ ಮತ್ತು ಕಾಕಿ ಸಂತೆಕಲ್ಲೂರಿಗೆ ಒಂದೇ ವರ್ಷ ಸೊಸೆಯರಾಗಿ ಬಂದವರು. ರಕ್ತಸಂಬಂಧವೇನಿಲ್ಲ, ಜಗಳಕ್ಕೆ ಮಾತ್ರ ಬರವಿರಲಿಲ್ಲ. ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಕಣ್ಣು ಮೊದಲೇ ಮಂಜಾಗಿತ್ತು. ಊಟ ಬಿಟ್ಟು ಗೋಡೆಗೆ ಮುಖ ಮಾಡಿದಳು. ಆಗಿನಿಂದ ಕಾಕಿ ದಿನಾ ಮುಂಜಾನೆ ಹೊಲದಿಂದ ನೇರ ನಮ್ಮ ಮನೆಗೆ ಬಂದು, ಗಂಟು ಬಿಚ್ಚಿ, ಒಳಗಿದ್ದುದನ್ನು ಅವ್ವನ ಅಂಗೈಗೆ ಹಾಕುತ್ತಿದ್ದಳು.

"ಯಕ್ಕಾ, ಖಬರು ತಂದೀನಿ. ಏನದು, ಹೇಳು ನೋಡೂಣು?"

ಮುತ್ತಲ ಹೂ, ಗಾಳಿಗೆ ಬಿದ್ದ ಮಾವಿನ ಮಿಡಿ, ಹುಣಸೆಹಣ್ಣು. ಅವ್ವ ಸವರಿ ಹೇಳಬೇಕು. ಸರಿ ಹೇಳಿದರೆ ಹಾಲಲ್ಲಿ ನೆನೆಸಿದ ರೊಟ್ಟಿ ಒಂದು ತುತ್ತು. "ಸೋತಾಕಿ ಎರಡು ತುತ್ತು ತಿನ್ನಬೇಕು!" ಅವ್ವ ಬೇಕೆಂದೇ ಸೋಲುತ್ತಿದ್ದಳೆಂದು ನನ್ನ ಅನುಮಾನ.

ಗಿಡದಿಂದ ಕಾಕಿ ಏನನ್ನೂ ಹರಿಯುತ್ತಿರಲಿಲ್ಲ. ನಾನೊಮ್ಮೆ ಹೊಂಗೆಯ ಗೊಂಚಲು ಮುರಿದುಕೊಟ್ಟಾಗ, "ಗಿಡ ಕೊಟ್ಟಿದ್ದು ತಗೋಬೇಕಲೇ, ಕಸಗೋಬಾರದು" ಎಂದು ಬೈದಿದ್ದಳು. ಯುಗಾದಿಯಂದು ನಾವು ಕುಡಿಯುವ ಬೇವಿನ ಪಾನಕಕ್ಕೂ ಅಷ್ಟೇ. ಹಿಂದಿನ ಸಂಜೆ ತನ್ನ ಹೊಲದ ಬೇವಿನ ಬುಡಕ್ಕೆ ಹಳೇ ಸೀರೆ ಹಾಸಿ, ಬೆಳಗ್ಗೆ ಅದರ ಮೇಲೆ ಉದುರಿದ ಹೂವನ್ನೇ ಆರಿಸಿ ತರುತ್ತಿದ್ದಳು.

"ಇನ್ನ ನಾ ಉಳಿಯಾಂಗಿಲ್ಲ ಬೇ" ಎಂದು ಅವ್ವ ಒಂದು ದಿನ ಅತ್ತಳು.

"ಬೇವು ಹೂ ಬಿಡೂತನ ಎಲ್ಲಿಗೂ ಹೋಗಬ್ಯಾಡ. ಹೂ ನಾ ತರ್ತೀನಿ."

"ನೀ ತರೂತನ ಇರ್ತೀನಿ, ನಡಿ."

ಶಿವರಾತ್ರಿ ಕಳೆದ ಮೇಲೆ ಒಂದು ಮುಂಜಾನೆ ಕಾಕಿ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತಳು. ಲಿಂಗಸುಗೂರಿನ ಆಸ್ಪತ್ರೆ ಮುಟ್ಟುವುದರೊಳಗೆ ಜೀವ ಹೋಗಿತ್ತು. ಅದೇ ಬೇವಿನ ಕೆಳಗೆ ಮಣ್ಣು ಮಾಡಿದೆವು. ಅವ್ವನ ಕಿವಿಗೆ ಬೀಳಬಾರದೆಂದು ನಾವು ಅತ್ತದ್ದೆಲ್ಲ ಹೊಲದಲ್ಲೇ. ಮನೆಗೆ ಬಂದು ಅವ್ವನಿಗೆ, "ಕಾಕಿ ಮೊಮ್ಮಗಳ ಬಾಣಂತನಕ್ಕ ಜವಳಗೇರಾಕ್ಕ ಹೋಗ್ಯಾಳ" ಎಂದೆ.

"ಯುಗಾದಿಗಿ ಬರ್ತಾಳ ಬಿಡು" ಎಂದಳು ಅವ್ವ. ಆ ಆಸೆಯಲ್ಲೇ ಉಣ್ಣುತ್ತಿದ್ದಳು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಯುಗಾದಿಯ ಬೆಳಗ್ಗೆ ಹೂವಿಗೆಂದು ನಾನೇ ಹೋದೆ. ಬೇವು ಮೈತುಂಬ ಹೂಬಿಟ್ಟಿತ್ತು. ಕೆಳಗೆ ಕಾಕಿಯ ಮಣ್ಣು ಇನ್ನೂ ಹಸಿಯಾಗಿ ಕಂಡಿತು. ಅಲ್ಲಿ ನಿಲ್ಲಲಾಗಲಿಲ್ಲ. ಕೈಗೆ ಸಿಕ್ಕ ಟೊಂಗೆ ಮುರಿದುಕೊಂಡು ಓಡಿಬಂದೆ. ಹೂ ಬಿಡಿಸಿ ಅವ್ವನ ಅಂಗೈಗೆ ಹಾಕಿ, "ಕಾಕಿ ಕಳಿಸ್ಯಾಳ" ಎಂದೆ.

ಅವ್ವ ಬೆರಳಲ್ಲಿ ತಿಕ್ಕಿ ನೋಡಿದಳು.

"ಕಡ್ಡಿ ಅದಾವಲ್ಲೋ. ಇದು ಹರಿದಿದ್ದು."

ನಾನು ಮುರಿದ ಟೊಂಗೆಯನ್ನು ಹಿಂದಕ್ಕೆ ಸರಿಸಿದೆ.

"ಅವತ್ತು ಹಿಂದಿನ ಓಣ್ಯಾಗ ಹೆಣದ ಮುಂದಿನ ಭಜನಿ ಕೇಳಿಸಿತ್ತು. ಅದು ಆಕಿದಾ?"

"ಹೂಂ, ಯವ್ವಾ."

ಅವ್ವ ಅಳಲಿಲ್ಲ. ಹೊದ್ದಿದ್ದ ಹಳೇ ಸೀರೆಯನ್ನು ಮೈಮೇಲಿಂದ ಎಳೆದು ನನ್ನತ್ತ ದೂಡಿದಳು.

"ಹಾಸಿ ಬಾ. ಆಕಿ ತರ್ತೀನಿ ಅಂದಾಳ. ಬೀಳೂತನ ಇರ್ತೀನಿ."

ಮಣ್ಣಿನ ಮಗ್ಗುಲಲ್ಲಿ ಸೀರೆ ಹಾಸಿ ಕೂತೆ. ಮನಸಾರೆ ಅತ್ತೆ. ಬಿಸಿಲೇರಿದ ಮೇಲೆ ಗಾಳಿ ಎದ್ದು ಹೂ ಉದುರತೊಡಗಿತು. ಸೀರೆಯ ಮೇಲೆ ಬಿದ್ದದ್ದು ಒಂದು ಹಿಡಿಯಷ್ಟೇ. ಹೆಚ್ಚಿನದು ಕಾಕಿಯ ಮೇಲೆ ಬಿತ್ತು. ಅದನ್ನು ಆರಿಸಲು ನನಗೆ ಕೈ ಬರಲಿಲ್ಲ.