ಸುರುಳಿ ಸುತ್ತಿದ ಗೋಧಿ ಎಲೆ

ನಾನು ಹುಟ್ಟು ಪುಕ್ಕಲಿ. ಆದರೂ ಮದುವೆಯಾಗಿ ಶಿಕಾರಿಪುರದ ಹತ್ತಿರದ ಹಳ್ಳಿಗೆ ಬಂದ ಎರಡನೇ ವರ್ಷ, ತೊಂಬತ್ತರ ದಶಕದ ನಡುವಿನಲ್ಲಿ, ಎಲ್ಲಿಂದ ಧೈರ್ಯ ಬಂತೋ, ಭತ್ತ ಕೊಯ್ದ ಗದ್ದೆಗೆ ಗೋಧಿ ಹಾಕೋಣ ಎಂದು ಮಾವನವರಿಗೆ ಹೇಳಿಬಿಟ್ಟೆ. ನನ್ನ ತವರು ಧಾರವಾಡದ ಕಡೆ. ಗೋಧಿ ನೋಡಿಕೊಂಡೇ ಬೆಳೆದವಳು. ಅತ್ತೆ ಮೂಗು ಮುರಿದರು. "ಈ ಸೆಕೆಗೆ ಗೋಧಿ ನಿಲ್ತತೇನ್ರೀ?" ಎಂದು ಮಾವನವರನ್ನೇ ಕೇಳಿದರು. ಮಾವ ಮಾತ್ರ ಅರ್ಧ ಎಕರೆ ಬಿಟ್ಟುಕೊಟ್ಟರು. ಆ ಮನೆಯಲ್ಲಿ ಸೊಸೆಯೊಬ್ಬಳ ಮಾತಿಗೆ ಬಿತ್ತನೆ ನಡೆದದ್ದು ಅದೇ ಮೊದಲು. ಬೆಳೆ ಕೆಟ್ಟರೆ ನನ್ನ ಮಾತು ಮತ್ತೆಂದೂ ಅಡುಗೆಮನೆ ದಾಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಭತ್ತದ ಕೊಯ್ಲು ತಡವಾಗಿದ್ದರಿಂದ ಬಿತ್ತನೆಯೂ ತಡವಾಯಿತು. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಬಿರುಬಿಸಿಲು ಬಂದು ಕೂತಿತ್ತು. ದಿನಾ ಬೆಳಿಗ್ಗೆ ಒಂದು ಕಾಳು ಕಿತ್ತು ಉಗುರಿನಲ್ಲಿ ಹಿಸುಕಿ ನೋಡುತ್ತಿದ್ದೆ. ಹಾಲು ಬಂದರೆ ಹೋದ ಜೀವ ಬಂದಂತಾಗುತ್ತಿತ್ತು. ಮಧ್ಯಾಹ್ನ ಹೋದರೆ ಎಲೆಗಳೆಲ್ಲ ಉದ್ದಕ್ಕೆ ಸುರುಳಿ ಸುತ್ತಿಕೊಂಡು ಗದ್ದೆ ಬಡಕಲಾಗಿ ಕಾಣುತ್ತಿತ್ತು.

"ಬಿಸ್ಲಿಗೆ ಮೈ ಮುಚ್ಕಂತತಿ ಕಣವ್ವ ಅದು. ಮೆಕ್ಕೆಜೋಳನೂ ಹಂಗೇ ಮಾಡ್ತತಿ. ಬೆಳಿಗ್ಗೆ ತಾನೇ ಬಿಚ್ತತಿ. ಕಾಳಿಗೆ ಬೇಕಾದ್ದು ದಂಟಿನಾಗೆ ಇಟ್ಕಂಡಿರ್ತತಿ," ಎಂದರು ಮಾವ. ತಲೆಯಾಡಿಸಿದೆ. ನಂಬಲಿಲ್ಲ.

ಒಂದು ದಿನ ಆನವಟ್ಟಿ ಸಂತೆಗೆ ಹೊರಟ ಮಾವ ಹೇಳಿಯೇ ಹೋದರು: "ನೆಲದಾಗೆ ಇನ್ನೂ ಹಸಿ ಐತಿ. ಗಾಳಿ ಬೇರೆ ಎದ್ದೈತಿ, ನಾ ಬರೋ ತನ್ಕ ನೀರು ಹಾಯಿಸ್ಬ್ಯಾಡ."

ಮಧ್ಯಾಹ್ನ ನೋಡಿದರೆ ಎಲೆಗಳು ಸೂಜಿಯಷ್ಟು ತೆಳ್ಳಗೆ ಸುತ್ತಿಕೊಂಡಿದ್ದವು. ಸತ್ತೇ ಹೋಯಿತು ಅನಿಸಿತು. ಗದ್ದೆ ಬದಿಯಲ್ಲೇ ಅಂಬ್ಲಿಗೊಳ ಜಲಾಶಯದ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಮಣ್ಣು ಸರಿಸಿ ಗದ್ದೆಗೆ ತಿರುಗಿಸಿದೆ. ಆಗ ಸಿಕ್ಕ ಸಮಾಧಾನ ಸಂಜೆಯವರೆಗೂ ಉಳಿಯಲಿಲ್ಲ. ಗಾಳಿ ಜೋರಾಯಿತು. ನೆಲ ಕೆಸರಾಗಿ ಬೇರು ಹಿಡಿತ ಬಿಟ್ಟಿತ್ತು; ನನ್ನ ಕಣ್ಣೆದುರೇ ಗೋಧಿ ಅಡ್ಡಡ್ಡ ಮಲಗಿತು. ಕೆಸರಿಗಿಳಿದು ಒಂದೊಂದೇ ಹಿಡಿ ಎತ್ತಿ ನಿಲ್ಲಿಸಲು ನೋಡಿದೆ, ಎಂಥ ಹುಚ್ಚು! ರಸ್ತೆಯಲ್ಲಿ ಆನವಟ್ಟಿ ಬಸ್ಸಿನ ಹಾರ್ನ್ ಕೇಳಿದಾಗಲೂ ಕೆಸರಲ್ಲೇ ನಿಂತು ಎತ್ತುತ್ತಿದ್ದೆ.

ಮಾವ ಬೈಯಲಿಲ್ಲ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. ಕೊಯ್ಲಿನ ದಿನ, ನೀರು ಏರದ ದಿಬ್ಬದ ಅಂಚಿನಲ್ಲಿ ನಿಂತೇ ಉಳಿದಿದ್ದ ನಾಲ್ಕು ತೆನೆಗಳನ್ನು ಅಂಗೈಯಲ್ಲಿ ತಿಕ್ಕಿದರು. ಕಾಳು ಸಣ್ಣವು, ಆದರೆ ಗಟ್ಟಿ. ಮಲಗಿದ ತೆನೆಗಳನ್ನು ತಿಕ್ಕಿದರೆ ಬರೀ ಜೊಳ್ಳು. ಎರಡನ್ನೂ ನನ್ನ ಕೈಗೆ ಹಾಕಿದರು. ಬಿಸಿಲನ್ನು ತಾಳಿಕೊಂಡಿದ್ದ ಪೈರನ್ನು ನನ್ನ ಹೆದರಿಕೆ ಕೆಡವಿತ್ತು.

"ಮುಂದಿನ ವರ್ಷ ಯಾವ ಗದ್ದೆಗೆ ಹಾಕಾಣ, ಹೇಳವ್ವ," ಎಂದರು. ಕುಹಕವಲ್ಲ, ನಿಜವಾಗಿಯೇ ಕೇಳಿದ್ದು. ಅತ್ತೆ ಕೂಡ ಕುಡುಗೋಲು ನಿಲ್ಲಿಸಿ ನನ್ನ ಉತ್ತರಕ್ಕೆ ಕಾದರು.

"ನನ್ನ ಕೇಳಬ್ಯಾಡ್ರಿ, ಮಾವಾರ," ಎಂದೆ. ಆಮೇಲೆ ಅವರು ಎಂದೂ ಕೇಳಲಿಲ್ಲ.